ಮೂರರಲ್ಲಿ ಎರಡು ಪಾಲು: ಜಗದ್ಗುರುಗಳ ಆಯ್ಕೆಯ ನಿಯಮಗಳು ಬದಲಾದ ಬಗೆ



2025ರ ಮೇ 8ರ ರಾತ್ರಿ ಒಂಬತ್ತೂವರೆ ದಾಟಿದ ಹೊತ್ತಿನಲ್ಲಿ ನಿಮ್ಮಲ್ಲಿ ಅನೇಕರು ಟಿ.ವಿ. ಮುಂದೆ ಕುಳಿತಿದ್ದಿರಿ. ಸಿಸ್ಟೀನ್ ಪ್ರಾರ್ಥನಾಲಯದ ಚಿಮಣಿಯಿಂದ ಬಿಳಿಯ ಹೊಗೆ ಎದ್ದಿತು. ಸುಮಾರು ಒಂದು ಗಂಟೆಯ ನಂತರ ಹದಿನಾಲ್ಕನೆಯ ಲಿಯೋ ಎಂಬ ಹೆಸರು ನಮ್ಮ ಕಿವಿಗೆ ಬಿತ್ತು. ಆ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ದೇವಾಲಯದ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. "ಫಾದರ್, ಜಗದ್ಗುರುಗಳನ್ನು ಪವಿತ್ರಾತ್ಮರೇ ಆರಿಸುತ್ತಾರೆ ಎಂದು ಪ್ರಬೋಧನೆಯಲ್ಲಿ ಹೇಳಿದಿರಿ. ಹಾಗಿದ್ದರೆ ಎಂಬತ್ತೊಂಬತ್ತು ಮತ ಬೇಕು ಎಂಬ ಲೆಕ್ಕ ಯಾಕೆ? ಎಂಬತ್ತೆಂಟು ಬಂದರೆ ಪವಿತ್ರಾತ್ಮರು ಒಪ್ಪುವುದಿಲ್ಲವೇ?" ಎಂದು ಕೇಳಿದರು.

ಅವರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಆ ಲೆಕ್ಕವನ್ನು ಧರ್ಮಸಭೆ ಒಂದೇ ಸಲ ಕಟ್ಟಿ ಮುಗಿಸಿಲ್ಲ. ಕಳೆದ ನೂರು ವರ್ಷಗಳಲ್ಲೇ ಅದನ್ನು ಹಲವು ಬಾರಿ ತಿದ್ದಿದೆ. ದೇವರ ಕೆಲಸವಾದರೆ ತಿದ್ದುವುದೇಕೆ? ಇದಕ್ಕೆ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ; ನಡೆದುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಪವಿತ್ರ ಗ್ರಂಥ. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಯೂದನ ಸ್ಥಾನಕ್ಕೆ ಇನ್ನೊಬ್ಬರು ಬೇಕಾದಾಗ ಸಭೆ ಇಬ್ಬರನ್ನು ಮುಂದೆ ನಿಲ್ಲಿಸಿ, ಪ್ರಾರ್ಥಿಸಿ, ಚೀಟಿ ಹಾಕಿತು. ಮತ್ತೀಯರ ಹೆಸರು ಬಂತು. ಅದು ಪಂಚಾಶತ್ತಮ ಹಬ್ಬಕ್ಕೆ ಮುಂಚಿನ ಮಾತು. ಪವಿತ್ರಾತ್ಮರು ಇಳಿದು ಬಂದ ಮೇಲೆ ಪ್ರೇಷಿತರು ಮತ್ತೆ ಚೀಟಿ ಹಾಕಿದ್ದನ್ನು ನಾವು ಓದುವುದಿಲ್ಲ. ಹದಿನೈದನೆಯ ಅಧ್ಯಾಯದ ಜೆರುಸಲೇಮಿನ ಸಭೆಯಲ್ಲಿ ಅವರು ವಾದಿಸುತ್ತಾರೆ, ಕೇಳುತ್ತಾರೆ, ಕೊನೆಗೆ ತೀರ್ಮಾನವನ್ನು ಪವಿತ್ರಾತ್ಮರದೂ ತಮ್ಮದೂ ಎಂದು ಒಟ್ಟಿಗೆ ಬರೆಯುತ್ತಾರೆ. ಆ ಎರಡೂ ಒಟ್ಟಿಗೆ ಇರುವುದನ್ನು ಗಮನಿಸಿರಿ.

ರೋಮಿನ ಧರ್ಮಾಧ್ಯಕ್ಷರನ್ನು ಆರಿಸುವ ಕೆಲಸದಲ್ಲಿ ಮೊದಲ ಶತಮಾನಗಳಲ್ಲಿ ಆ ನಗರದ ಗುರುಗಳೂ ಜನರೂ ಸೇರುತ್ತಿದ್ದರು. 236ರಲ್ಲಿ ಹಳ್ಳಿಯಿಂದ ಬಂದು ಗುಂಪಿನಲ್ಲಿ ನಿಂತಿದ್ದ ಫೇಬಿಯನ್ ಎಂಬವರ ತಲೆಯ ಮೇಲೆ ಪಾರಿವಾಳವೊಂದು ಕುಳಿತಿತು, ಜನರೆಲ್ಲ ಒಂದೇ ಕೊರಳಿನಿಂದ ಅವರೇ ಯೋಗ್ಯರೆಂದು ಕೂಗಿದರು ಎಂದು ಇತಿಹಾಸಕಾರ ಯೂಸೇಬಿಯಸ್ ಬರೆಯುತ್ತಾನೆ. ಧರ್ಮೋಪದೇಶ ತರಗತಿಯಲ್ಲಿ ಈ ಕಥೆ ಹೇಳಲು ಚೆನ್ನ. ಆದರೆ 366ರಲ್ಲಿ ಸಂತ ದಮಾಸುಸ್ ಅವರ ಆಯ್ಕೆಯ ಸಮಯದಲ್ಲಿ ಎರಡು ಪಕ್ಷಗಳು ಬಡಿದಾಡಿ, ಒಂದೇ ದಿನ ಒಂದು ದೇವಾಲಯದಲ್ಲಿ 137 ಶವಗಳು ಸಿಕ್ಕವು ಎಂದು ಅಮ್ಮಿಯಾನುಸ್ ಎಂಬ ಅನ್ಯಧರ್ಮದ ಇತಿಹಾಸಕಾರ ದಾಖಲಿಸಿದ್ದಾನೆ. ಪಾರಿವಾಳದ ಕಥೆ ಹೇಳುವವರು ಇದನ್ನೂ ಹೇಳಬೇಕು. ನಿಯಮಗಳು ಹುಟ್ಟಿದ್ದು ಇಂಥ ಗಾಯಗಳಿಂದ.

1059ರಲ್ಲಿ ಎರಡನೆಯ ನಿಕೊಲಾಸ್ ಅವರು ಆಯ್ಕೆಯ ಮುಖ್ಯ ಹೊಣೆಯನ್ನು ಕಾರ್ಡಿನಲರಿಗೆ ಒಪ್ಪಿಸಿದರು. ಇಂದಿಗೂ ಪ್ರತಿ ಕಾರ್ಡಿನಲರಿಗೆ ರೋಮಿನಲ್ಲಿ ಒಂದು ದೇವಾಲಯವನ್ನು ಹೆಸರಿಗಾದರೂ ಕೊಡುವುದು ಇದೇ ಕಾರಣಕ್ಕೆ. ಗೋವಾದಿಂದ ಹೋದರೂ ಹೈದರಾಬಾದಿನಿಂದ ಹೋದರೂ ಅವರು ಮತ ಹಾಕುವುದು ರೋಮಿನ ಗುರುವರ್ಗಕ್ಕೆ ಸೇರಿದವರಾಗಿ.

ಕಾರ್ಡಿನಲರು ಆರಿಸಬೇಕು ಎಂದಾಯಿತು. ಆದರೆ ಎಷ್ಟು ಮಂದಿ? ಆಗಿನ ಕಾನೂನಿನ ಮಾತಿನಲ್ಲಿ ಸಭೆಯ "ದೊಡ್ಡದಾದ ಮತ್ತು ವಿವೇಕವುಳ್ಳ ಭಾಗ" ಆರಿಸಿದರೆ ಸಾಕಿತ್ತು. ದೊಡ್ಡ ಭಾಗವನ್ನು ಎಣಿಸಬಹುದು. ವಿವೇಕವುಳ್ಳ ಭಾಗವನ್ನು ಎಣಿಸುವವರು ಯಾರು? ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಇದು ನಮಗೆ ಸೊಗಸಾದ ಚರ್ಚೆಯ ವಿಷಯ. ಆ ಕಾಲದವರಿಗೆ ಪ್ರಾಣಸಂಕಟ. ಪ್ರತಿ ಸೋತ ಪಕ್ಷವೂ ವಿವೇಕ ತಮ್ಮ ಕಡೆಯೇ ಇದೆ ಎನ್ನುತ್ತಿತ್ತು. 1159ರಲ್ಲಿ ಹೆಚ್ಚು ಮಂದಿ ಮೂರನೆಯ ಅಲೆಕ್ಸಾಂಡರ್ ಅವರನ್ನು ಆರಿಸಿದರು. ಕೆಲವರು ಒಕ್ತಾವಿಯನ್ ಎಂಬ ಕಾರ್ಡಿನಲರನ್ನು ಹಿಡಿದು ನಿಂತರು. ಜಗದ್ಗುರುಗಳ ಕೆಂಪು ನಿಲುವಂಗಿಯನ್ನು ಅಲೆಕ್ಸಾಂಡರ್ ಅವರ ಮೇಲಿಂದ ಕಿತ್ತುಕೊಂಡು, ಅವಸರದಲ್ಲಿ ಹಿಂದುಮುಂದಾಗಿ ಹೊದ್ದರು ಎಂದು ಎದುರು ಪಕ್ಷದವರು ಬರೆದಿಟ್ಟಿದ್ದಾರೆ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ್ಸ ಒಕ್ತಾವಿಯನರ ಬೆಂಬಲಕ್ಕೆ ನಿಂತ. ಧರ್ಮಸಭೆ ಸುಮಾರು ಹದಿನೆಂಟು ವರ್ಷ ಒಡೆದು ಹೋಯಿತು.

ಆ ನೋವನ್ನು ಮೈಮೇಲೆ ಅನುಭವಿಸಿದ ಅಲೆಕ್ಸಾಂಡರ್ ಅವರೇ 1179ರ ಮೂರನೆಯ ಲ್ಯಾಟರನ್ ಮಹಾಸಭೆಯಲ್ಲಿ ನಿಯಮ ಮಾಡಿದರು. ಮೂರರಲ್ಲಿ ಎರಡು ಪಾಲು ಕಾರ್ಡಿನಲರು ಒಪ್ಪಿದವರೇ ಜಗದ್ಗುರು. ಅದಕ್ಕಿಂತ ಕಡಿಮೆ ಮತ ಪಡೆದು ಪೀಠವೇರಲು ಹೋದವನಿಗೆ ಬಹಿಷ್ಕಾರ. ವಿವೇಕದ ಪ್ರಶ್ನೆಯನ್ನು ಅವರು ಎತ್ತಲೇ ಇಲ್ಲ. ಬೇರೆ ಕಡೆ ಆಯ್ಕೆಯಲ್ಲಿ ಜಗಳವಾದರೆ ಮೇಲಿನವರ ಬಳಿಗೆ ದೂರು ಒಯ್ಯಬಹುದು, ರೋಮಿನ ಪೀಠದ ಮೇಲೆ ದೂರು ಒಯ್ಯಲು ಇನ್ನೊಂದು ಪೀಠವಿಲ್ಲ ಎಂದು ಮಹಾಸಭೆ ಕಾರಣವನ್ನೂ ಕೊಟ್ಟಿತು. ಈ ವಾಕ್ಯವನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯ. ಎಂಟುನೂರು ವರ್ಷ ಹಿಂದಿನ ಆ ಮಂದಿ ತಮ್ಮ ಅಧಿಕಾರದ ಎತ್ತರವನ್ನು ಹೇಳುತ್ತಲೇ ತಮ್ಮ ದೌರ್ಬಲ್ಯವನ್ನೂ ಒಪ್ಪಿಕೊಂಡಿದ್ದಾರೆ.

ಮೂರರಲ್ಲಿ ಎರಡು ಪಾಲು ಬೇಕೆಂದರೆ ತಡವಾಗುವ ಅಪಾಯವೂ ಇದೆ. ನಾಲ್ಕನೆಯ ಕ್ಲೆಮೆಂಟ್ ಅವರು 1268ರ ನವೆಂಬರಿನಲ್ಲಿ ತೀರಿಕೊಂಡರು. ವಿತೆರ್ಬೊ ಪಟ್ಟಣದಲ್ಲಿ ಸೇರಿದ ಕಾರ್ಡಿನಲರು 1271ರ ಸೆಪ್ಟೆಂಬರ್ ತನಕ ಒಮ್ಮತಕ್ಕೆ ಬರಲಿಲ್ಲ. ಊರಿನವರು ಅವರನ್ನು ಅರಮನೆಯಲ್ಲಿ ಕೂಡಿಹಾಕಿ, ಊಟ ಕಡಿಮೆ ಮಾಡಿ, ಮಾಡನ್ನೇ ಕಳಚಿದರು ಎಂಬುದು ಪ್ರಸಿದ್ಧ ಕಥೆ. ಕೊನೆಗೆ ಆರಿಸಿದ್ದು ಕಾರ್ಡಿನಲರೇ ಅಲ್ಲದ, ಆಗ ಪವಿತ್ರ ನಾಡಿನಲ್ಲಿದ್ದ ಒಬ್ಬರನ್ನು. ಅವರೇ ಹತ್ತನೆಯ ಗ್ರೆಗೊರಿ. ಅವರು 1274ರಲ್ಲಿ ಲಿಯೋನ್ ಮಹಾಸಭೆಯಲ್ಲಿ ಮಾಡಿದ ನಿಯಮ ವಿತೆರ್ಬೊ ಜನರ ಉಪಾಯವನ್ನೇ ಕಾನೂನಾಗಿಸಿದಂತಿತ್ತು. ಹತ್ತು ದಿನ ಕಾಯಬೇಕು. ಆ ಮೇಲೆ ಬೀಗ. ಮೂರು ದಿನದಲ್ಲಿ ಆಯ್ಕೆಯಾಗದಿದ್ದರೆ ಹೊತ್ತಿಗೆ ಒಂದೇ ಬಗೆಯ ಊಟ. ಮತ್ತೆ ಐದು ದಿನ ಕಳೆದರೆ ರೊಟ್ಟಿ, ನೀರು, ದ್ರಾಕ್ಷಾರಸ ಮಾತ್ರ. 'ಕಾನ್‌ಕ್ಲೇವ್' ಎಂಬ ಹೆಸರೂ ಲತೀನಿನ ಬೀಗದ ಕೈ ಎಂಬ ಮಾತಿನಿಂದಲೇ ಬಂದದ್ದು. ಕಾರ್ಡಿನಲರಿಗೆ ಇದು ಹಿಡಿಸಲಿಲ್ಲ. ಎರಡೇ ವರ್ಷದಲ್ಲಿ ನಿಯಮ ನಿಂತುಹೋಯಿತು. ಮತ್ತೆ ಎರಡು ವರ್ಷಕ್ಕೂ ಮಿಕ್ಕಿ ಪೀಠ ಬರಿದಾಗಿ ಉಳಿದ ಮೇಲೆ, 1294ರಲ್ಲಿ ಐದನೆಯ ಸೆಲೆಸ್ಟೀನ್ ಅವರು ಅದನ್ನು ತಿರುಗಿ ಜಾರಿಗೆ ತಂದರು.

ಗುಟ್ಟಾಗಿ ಮತ ಬರೆಯುವ ಕಟ್ಟುನಿಟ್ಟಿನ ಪದ್ಧತಿ ಬಂದದ್ದು 1621ರಲ್ಲಿ, ಹದಿನೈದನೆಯ ಗ್ರೆಗೊರಿ ಅವರಿಂದ. ಅದಕ್ಕೂ ಮುಂಚೆ ಬಹಿರಂಗವಾಗಿ ಒಬ್ಬರ ಮುಂದೆ ಹೋಗಿ ತಲೆಬಾಗಿದರೆ ಮತವಾಗುತ್ತಿತ್ತು. ರಾಜರ ಕಣ್ಣು, ಬಂಧುಗಳ ಕಣ್ಣು ಎಲ್ಲವೂ ಅದರ ಮೇಲೆ. ಗ್ರೆಗೊರಿಯವರ ನಿಯಮದಲ್ಲಿ ಇನ್ನೊಂದು ಸಣ್ಣ ಅಂಶವಿದೆ: ಯಾರೂ ತನಗೆ ತಾನೇ ಮತ ಹಾಕಿಕೊಂಡು ಪೀಠವೇರಬಾರದು. ಅದಕ್ಕಾಗಿ ಮತಪತ್ರವನ್ನು ಮಡಚಿ, ಹಾಕಿದವರ ಗುರುತನ್ನು ಒಳಗೆ ಮುಚ್ಚಿಡುತ್ತಿದ್ದರು. ಯಾರಿಗಾದರೂ ಸರಿಯಾಗಿ ಮೂರರಲ್ಲಿ ಎರಡು ಪಾಲು ಬಂದು, ಒಂದೂ ಹೆಚ್ಚಿಲ್ಲದಿದ್ದರೆ, ಅವರ ಮತಪತ್ರವನ್ನು ಬಿಚ್ಚಿ ನೋಡುವುದು. 1914ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಅವರ ಆಯ್ಕೆಯಲ್ಲಿ 57 ಮಂದಿಯಲ್ಲಿ 38 ಮತ ಬಂದು, ಹೀಗೆ ಬಿಚ್ಚಿ ನೋಡಿದರಂತೆ. ಆ ಕ್ಷಣದಲ್ಲಿ ಅವರ ಮುಖ ಹೇಗಿದ್ದಿರಬಹುದು! ಇದನ್ನು ತಪ್ಪಿಸಲೆಂದೇ ಹನ್ನೆರಡನೆಯ ಪಿಯುಸ್ ಅವರು 1945ರಲ್ಲಿ ಮೂರರಲ್ಲಿ ಎರಡು ಪಾಲಿನ ಮೇಲೆ ಇನ್ನೊಂದು ಮತ ಬೇಕು ಎಂದರು. ತನ್ನ ಮತ ಕಳೆದರೂ ಎರಡು ಪಾಲು ಉಳಿಯುತ್ತದಲ್ಲ. ಬಿಚ್ಚಿ ನೋಡುವ ಅವಮಾನ ಬೇಕಿಲ್ಲ.

ರಾಜರ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. 1903ರಲ್ಲಿ ಆಸ್ಟ್ರಿಯದ ಚಕ್ರವರ್ತಿಯ ಪರವಾಗಿ ಕ್ರಾಕೋವಿನ ಕಾರ್ಡಿನಲ್ ಪುಝೀನ ಅವರು, ರಂಪೋಲ್ಲ ಅವರು ಬೇಡ ಎಂದು ಸಭೆಯೊಳಗೇ ಓದಿ ಹೇಳಿದರು. ಆ ಸಲ ಆಯ್ಕೆಯಾದ ಸಂತ ಹತ್ತನೆಯ ಪಿಯುಸ್ ಅವರು ಮರುವರ್ಷವೇ ಇಂಥ ತಡೆಯನ್ನು ಸಂಪೂರ್ಣ ನಿಷೇಧಿಸಿದರು.

ದೂರದ ನಾಡಿನವರಿಗಾಗಿಯೂ ನಿಯಮ ಬದಲಾಯಿತು. ಅಮೆರಿಕದ ಬಾಸ್ಟನ್ನಿನ ಕಾರ್ಡಿನಲ್ ಓಕಾನೆಲ್ ಅವರು 1914ರಲ್ಲೂ 1922ರಲ್ಲೂ ಹಡಗಿನಲ್ಲಿ ಬಂದು ತಲಪುವಷ್ಟರಲ್ಲಿ ಆಯ್ಕೆ ಮುಗಿದಿತ್ತು. ಅವರ ದೂರನ್ನು ಕೇಳಿದ ಹನ್ನೊಂದನೆಯ ಪಿಯುಸ್ ಅವರು ಕಾಯುವ ಅವಧಿಯನ್ನು ಹದಿನೈದು ದಿನಕ್ಕೆ ಏರಿಸಿದರು, ಬೇಕಾದರೆ ಹದಿನೆಂಟಕ್ಕೆ.

ಮತ್ತೆ ಮತದ ಲೆಕ್ಕಕ್ಕೆ ಬರೋಣ. 1962ರಲ್ಲಿ ಸಂತ ಇಪ್ಪತ್ತಮೂರನೆಯ ಜಾನ್ ಅವರು ಆ ಹೆಚ್ಚಿನ ಒಂದು ಮತವನ್ನು ತೆಗೆದರು. 1975ರಲ್ಲಿ ಸಂತ ಆರನೆಯ ಪಾಲ್ ಅವರು ಅದನ್ನು ತಿರುಗಿ ಸೇರಿಸಿದರು. ಎಂಬತ್ತು ವರ್ಷ ತುಂಬಿದ ಕಾರ್ಡಿನಲರಿಗೆ ಮತವಿಲ್ಲ ಎಂದು 1970ರಲ್ಲಿ ಆಜ್ಞೆ ಮಾಡಿದವರೂ, ಮತದಾರರು 120ನ್ನು ಮೀರಬಾರದು ಎಂದವರೂ ಅವರೇ. ಎಂಬತ್ತರ ನಿಯಮದ ಬಿಸಿ ನಮ್ಮ ನಾಡಿಗೂ ತಟ್ಟಿದೆ. 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಸೈಮನ್ ಲೂರ್ದುಸಾಮಿ ಅವರು 1985ರಲ್ಲಿ ಕಾರ್ಡಿನಲರಾದರು. ಆಮೇಲಿನ ಮೊದಲ ಕಾನ್‌ಕ್ಲೇವ್ ನಡೆದದ್ದು 2005ರಲ್ಲಿ. ಅವರಿಗೆ ಆಗ ಎಂಬತ್ತೊಂದು. ಬೆಂಗಳೂರನ್ನು ಬಲ್ಲ ಆ ಕಾರ್ಡಿನಲರು ಒಮ್ಮೆಯೂ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಮತ ಹಾಕಲಿಲ್ಲ.

ಈಗ ಮುಖ್ಯವಾದ ಮಾತು. ಸಂತ ಎರಡನೆಯ ಜಾನ್ ಪಾಲ್ ಅವರು 1996ರ ಫೆಬ್ರವರಿ 22ರಂದು ಹೊಸ ಪ್ರೇಷಿತ ಸಂವಿಧಾನವನ್ನು ಹೊರಡಿಸಿದರು. ಅದರಲ್ಲಿ ಬಹಳ ಒಳ್ಳೆಯ ಸಂಗತಿಗಳಿವೆ. ಎಲ್ಲರೂ ಒಟ್ಟಾಗಿ ಘೋಷಿಸಿ ಆರಿಸುವ ರೀತಿ, ಕೆಲವರಿಗೆ ಅಧಿಕಾರ ಬಿಟ್ಟುಕೊಟ್ಟು ಆರಿಸುವ ರೀತಿ, ಈ ಎರಡು ಹಳೆಯ ದಾರಿಗಳನ್ನು ಮುಚ್ಚಿ, ಪ್ರತಿಯೊಬ್ಬರೂ ಕೈಯಾರೆ ಬರೆದ ಗುಟ್ಟಿನ ಮತ ಮಾತ್ರ ಉಳಿಯಿತು. ಮರೆಯ ಹಲಗೆಗಳ ನಡುವೆ ಮಲಗುತ್ತಿದ್ದ ಮುದಿ ಕಾರ್ಡಿನಲರಿಗೆ ಸಂತ ಮಾರ್ತಾ ನಿವಾಸದಲ್ಲಿ ಕೋಣೆ ದೊರೆಯಿತು. ಮತ ಹಾಕುವಾಗ ಪ್ರತಿಯೊಬ್ಬರೂ ಪೂಜಾಪೀಠದ ಮುಂದೆ ನಿಂತು, ನನಗೆ ತೀರ್ಪು ಕೊಡಲಿರುವ ಪ್ರಭು ಕ್ರಿಸ್ತರೇ ಸಾಕ್ಷಿ ಎಂಬ ಅರ್ಥದ ಪ್ರಮಾಣ ಮಾಡುತ್ತಾರೆ. ಮೈಕೆಲಾಂಜೆಲೊ ಬಿಡಿಸಿದ ಅಂತಿಮ ತೀರ್ಪಿನ ಚಿತ್ರ ಅವರ ಎದುರಿಗೇ ಇರುತ್ತದೆ.

ಆದರೆ ಅದೇ ಸಂವಿಧಾನದ 75ನೆಯ ಕಲಮಿನಲ್ಲಿ ಒಂದು ಹೊಸ ಮಾತು ಸೇರಿತ್ತು. ದಿನಕ್ಕೆ ನಾಲ್ಕು ಸುತ್ತಿನ ಮತ, ನಡುನಡುವೆ ಪ್ರಾರ್ಥನೆಯ ವಿರಾಮ. ಹೀಗೆ ಮೂವತ್ತಮೂರು ಮೂವತ್ತನಾಲ್ಕು ಸುತ್ತು ಕಳೆದರೂ ಆಯ್ಕೆಯಾಗದಿದ್ದರೆ, ಕಾರ್ಡಿನಲರು ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿ, ಮುಂದೆ ಅರ್ಧಕ್ಕಿಂತ ಹೆಚ್ಚು ಮತಗಳೇ ಸಾಕು ಎಂದು ತೀರ್ಮಾನಿಸಬಹುದಿತ್ತು. ಚುನಾವಣೆ ಕೊನೆಯಿಲ್ಲದೆ ಎಳೆಯಬಾರದು ಎಂಬ ಕಾಳಜಿ ಇದರ ಹಿಂದೆ ಇದ್ದಂತೆ ತೋರುತ್ತದೆ. ವಿತೆರ್ಬೊ ನೆನಪಿಟ್ಟುಕೊಂಡರೆ ಆ ಕಾಳಜಿ ತಪ್ಪಲ್ಲ.

ಲೆಕ್ಕ ಮಾಡಿ ನೋಡಿರಿ. 2005ರಲ್ಲಿ ಮತದಾರರು 115. ಮೂರರಲ್ಲಿ ಎರಡು ಪಾಲು ಎಂದರೆ 77. ಅರ್ಧಕ್ಕಿಂತ ಹೆಚ್ಚು ಎಂದರೆ 58. ಮೊದಲ ದಿನಗಳಲ್ಲೇ ಯಾರಿಗಾದರೂ 58 ಮತ ಬಂದರೆ, ಅವರ ಕಡೆಯವರು ಉಳಿದ 57 ಮಂದಿಯೊಡನೆ ಮಾತಾಡುವ ಅಗತ್ಯವೇ ಇಲ್ಲ. ಸುಮ್ಮನೆ ಹನ್ನೆರಡು ಹದಿಮೂರು ದಿನ ಕುಳಿತರೆ ಸಾಕು. ಉಳಿದವರಿಗೂ ಇದು ಗೊತ್ತು. ಹೀಗೆ ಕೊನೆಯಲ್ಲಿ ಬರುವ ನಿಯಮವೊಂದು ಮೊದಲ ದಿನದ ಮಾತನ್ನೇ ಬದಲಾಯಿಸಬಲ್ಲದು. 2005ರಲ್ಲಿ ನಾಲ್ಕೇ ಸುತ್ತಿನಲ್ಲಿ ಆಯ್ಕೆ ಮುಗಿದದ್ದರಿಂದ ಆ ಕಲಮು ಬಳಕೆಗೆ ಬರಲಿಲ್ಲ.

ಆ ಆಯ್ಕೆಯಲ್ಲಿ ಪೀಠವೇರಿದ ಹದಿನಾರನೆಯ ಬೆನೆಡಿಕ್ಟ್ ಅವರೇ 2007ರ ಜೂನ್ 11ರಂದು ಅದನ್ನು ರದ್ದು ಮಾಡಿದರು. ಹಳೆಯ ಸಂಪ್ರದಾಯವನ್ನು ಮರಳಿ ತನ್ನಿರಿ ಎಂಬ ಬಿನ್ನಹಗಳು ಎರಡನೆಯ ಜಾನ್ ಪಾಲ್ ಅವರಿಗೇ ಬಂದಿದ್ದವು ಎಂದು ಅವರು ಆಜ್ಞೆಯಲ್ಲಿ ಬರೆದಿದ್ದಾರೆ. ಈಗ ಎಷ್ಟು ಸುತ್ತಾದರೂ ಮೂರರಲ್ಲಿ ಎರಡು ಪಾಲು ಬೇಕೇ ಬೇಕು. ಆ ಮೂವತ್ತಕ್ಕೂ ಮಿಕ್ಕ ಸುತ್ತುಗಳ ನಂತರ, ಹಿಂದಿನ ಸುತ್ತಿನಲ್ಲಿ ಅತಿ ಹೆಚ್ಚು ಮತ ಪಡೆದ ಇಬ್ಬರ ನಡುವೆ ಮಾತ್ರ ಆಯ್ಕೆ. ಆ ಇಬ್ಬರಿಗೆ ಮತ ಹಾಕುವ ಹಕ್ಕಿಲ್ಲ. ಆಗಲೂ ಗೆಲ್ಲಲು ಎರಡು ಪಾಲೇ ಬೇಕು. ಬೇಗ ಮುಗಿಯದಿದ್ದರೂ ಚಿಂತೆಯಿಲ್ಲ, ಗೆದ್ದವರು ಒಂದು ಗುಂಪಿನ ಜಗದ್ಗುರು ಆಗಬಾರದು ಎಂಬುದು ಇದರ ತಾತ್ಪರ್ಯ. ಎಲ್ಲರೂ ಬಂದು ಸೇರಿದ್ದರೆ ಹದಿನೈದು ದಿನ ಕಾಯದೆ ಆರಂಭಿಸಬಹುದು ಎಂದು ಅವರು 2013ರ ಫೆಬ್ರವರಿ 22ರಂದು, ಪೀಠ ತ್ಯಜಿಸುವ ಆರು ದಿನ ಮುಂಚೆ, ಇನ್ನೊಂದು ತಿದ್ದುಪಡಿ ಮಾಡಿದರು. 2025ರ ಆಯ್ಕೆ ಇವೇ ನಿಯಮಗಳಂತೆ ನಡೆಯಿತು. 133 ಮಂದಿ ಮತ ಹಾಕಿದರು, ಅವರಲ್ಲಿ ನಾಲ್ವರು ಭಾರತೀಯರು. 120ರ ಮಿತಿ ಮೀರಿತ್ತಲ್ಲ ಎಂದು ಕೇಳುವಿರಿ. ಜಗದ್ಗುರು ಫ್ರಾನ್ಸಿಸ್ ಅವರೇ ಅಷ್ಟು ಮಂದಿಯನ್ನು ನೇಮಿಸಿದ್ದರಿಂದ ಆ ಮಿತಿಗೆ ಅವರೇ ವಿನಾಯಿತಿ ಕೊಟ್ಟಂತಾಯಿತು ಎಂದು ಕಾರ್ಡಿನಲರ ಸಭೆ ಮೊದಲೇ ಸ್ಪಷ್ಟಪಡಿಸಿತ್ತು.

ಈ ಅರ್ಧ ಮತ್ತು ಎರಡು ಪಾಲಿನ ವ್ಯತ್ಯಾಸ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಗುರುದೀಕ್ಷೆಯಾದ ಎರಡನೆಯ ವರ್ಷ ನನ್ನನ್ನು ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ ಕಳುಹಿಸಿದ್ದರು. ಪಾಲಕ ಸಂತರ ಹಬ್ಬಕ್ಕೆ ತೇರು ಹಳೆಯ ಬೀದಿಯಲ್ಲಿ ಹೋಗಬೇಕೋ ಹೊಸ ಬಡಾವಣೆಯ ಕಡೆ ಹೋಗಬೇಕೋ ಎಂದು ಜಗಳ. ನಾನು ಕೈ ಎತ್ತಿಸಿ ಎಣಿಸಿದೆ. ಮೂವತ್ತೊಂದು, ಇಪ್ಪತ್ತೆಂಟು. "ಬಹುಮತ ಬಂತು, ಮುಗಿಯಿತು" ಎಂದು ಪುಸ್ತಕ ಮುಚ್ಚಿದೆ. ಹಬ್ಬದ ದಿನ ಆ ಇಪ್ಪತ್ತೆಂಟು ಮನೆಗಳಿಂದ ಒಬ್ಬ ಹುಡುಗನೂ ತೇರಿಗೆ ಹೆಗಲು ಕೊಡಲಿಲ್ಲ. ಹೆಂಗಸರು ಬಾಗಿಲು ಹಾಕಿಕೊಂಡರು. ಒಬ್ಬ ಅಜ್ಜಿ ಮಾತ್ರ ಬಂದು ಮೇಣದ ಬತ್ತಿ ಹಚ್ಚಿ, "ಇನ್ನೊಂದು ವಾರ ಕಾಯಬಾರದಿತ್ತಾ ಸ್ವಾಮಿ?" ಎಂದು ಕೇಳಿ ಹೋದರು. ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲ. ಅವಸರದಲ್ಲಿ ತಪ್ಪಿದ್ದೆ. ಇನ್ನೊಂದು ವಾರ ಮಾತಾಡಿದ್ದರೆ ಎರಡೂ ಬೀದಿಗಳಲ್ಲಿ ಹೋಗುವ ದಾರಿ ಹೊಳೆಯುತ್ತಿತ್ತೇನೋ. ಮುಂದಿನ ವರ್ಷ ಹೊಳೆಯಿತು. ಆದರೆ ಆ ಒಂದು ವರ್ಷ ಅರ್ಧ ಊರು ಭಾನುವಾರ ಪಕ್ಕದ ಧರ್ಮಕೇಂದ್ರಕ್ಕೆ ನಡೆದು ಹೋಗುತ್ತಿತ್ತು.

ಹಾಗಾದರೆ ಪವಿತ್ರಾತ್ಮರ ಪಾತ್ರ ಏನು? ಇನ್ನೂ ಕಾರ್ಡಿನಲರಾಗಿದ್ದಾಗ, 1997ರಲ್ಲಿ, ಬೆನೆಡಿಕ್ಟ್ ಅವರಿಗೆ ಬವೇರಿಯದ ದೂರದರ್ಶನದಲ್ಲಿ ಇದೇ ಪ್ರಶ್ನೆ ಬಂದಿತ್ತು. ಪವಿತ್ರಾತ್ಮರು ಇಂಥವರನ್ನೇ ಆರಿಸಿರಿ ಎಂದು ಕೈ ಹಿಡಿದು ಬರೆಸುವುದಿಲ್ಲ. ಒಳ್ಳೆಯ ಶಿಕ್ಷಕರಂತೆ ನಮಗೆ ಬಹಳ ಸ್ವಾತಂತ್ರ್ಯ ಬಿಟ್ಟು, ನಮ್ಮನ್ನು ಕೈಬಿಡದೆ ಇರುತ್ತಾರೆ. ಎಲ್ಲವೂ ಸಂಪೂರ್ಣ ಹಾಳಾಗುವುದಿಲ್ಲ ಎಂಬುದೇ ನಮಗಿರುವ ಭರವಸೆ ಎಂಬ ಅರ್ಥದ ಉತ್ತರ ಕೊಟ್ಟರು. ಪವಿತ್ರಾತ್ಮರು ಖಂಡಿತ ಆರಿಸುತ್ತಿರಲಿಲ್ಲ ಎನ್ನಬಹುದಾದ ಜಗದ್ಗುರುಗಳು ಚರಿತ್ರೆಯಲ್ಲಿ ಅನೇಕರಿದ್ದಾರೆ ಎಂದೂ ಸೇರಿಸಿದರು. ಜಗದ್ಗುರುಗಳ ಮೇಲೆ ಪ್ರೀತಿ ಇರುವವರು ಮಾತ್ರ ಹೀಗೆ ಹೇಳಬಲ್ಲರು.

ದೇವಾಲಯದ ಬಾಗಿಲಲ್ಲಿ ಕೇಳಿದ ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಎಂಬತ್ತೆಂಟಕ್ಕೂ ಎಂಬತ್ತೊಂಬತ್ತಕ್ಕೂ ಪವಿತ್ರಾತ್ಮರ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲದಿರಬಹುದು. ನಮ್ಮ ಲೆಕ್ಕದಲ್ಲಿ ಇದೆ. ಗೆರೆ ಎಲ್ಲಾದರೂ ಎಳೆಯಬೇಕು, ಮತ್ತು ಎಳೆದ ಮೇಲೆ ಎಲ್ಲರಿಗೂ ಅದೇ ಗೆರೆ." ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ನಿಮ್ಮ ಪ್ರಬೋಧನೆಯನ್ನು ಸ್ವಲ್ಪ ತಿದ್ದಬೇಕು ಫಾದರ್," ಎಂದರು. ಒಪ್ಪಿಕೊಂಡೆ.

ಈ ವಾರ ಒಂದು ಸಂಜೆ ಜಪಸರ ಪ್ರಾರ್ಥನೆಯ ನಂತರ ಮನೆಯವರೆಲ್ಲ ಕುಳಿತು ಪ್ರೇಷಿತರ ಕಾರ್ಯಕಲಾಪಗಳಿಂದ ಎರಡು ಭಾಗಗಳನ್ನು ಓದಿರಿ: ಒಂದನೆಯ ಅಧ್ಯಾಯದಲ್ಲಿ 15ರಿಂದ 26ನೆಯ ವಚನದವರೆಗೆ, ಹದಿನೈದನೆಯ ಅಧ್ಯಾಯದಲ್ಲಿ 1ರಿಂದ 29ರವರೆಗೆ. ಒಂದು ಕಡೆ ಚೀಟಿ, ಇನ್ನೊಂದು ಕಡೆ ಚರ್ಚೆ. ಆಯ್ಕೆಯಾಗದೆ ಉಳಿದ ಬಾರ್ಸಬ್ಬರು ಆ ಸಂಜೆ ಏನು ಮಾಡಿರಬಹುದು ಎಂದು ಮಕ್ಕಳನ್ನು ಕೇಳಿರಿ. ಪವಿತ್ರ ಗ್ರಂಥ ಅದನ್ನು ಹೇಳುವುದಿಲ್ಲ. ನಿಮ್ಮ ಮಕ್ಕಳು ಹೇಳಿದ್ದನ್ನು ಭಾನುವಾರ ನನಗೂ ತಿಳಿಸಿರಿ.